ಹಳೆಯ ಮೋಟಾರಿಗೆ ಹೊಸ ಕಿಡಿ
ಎಲೆಕ್ಟ್ರಾನಿಕ್ ಇಗ್ನಿಷನ್ ತಂತಿಗಳಲ್ಲಿ ದೋಷ ಹುಡುಕುವ ಕ್ರಮ

ಕಾಮಠಿಯಿಂದ ನಾಗಪುರಕ್ಕೆ ದಾರಿ ಸುಮಾರು 16 ಕಿಲೋಮೀಟರು. ಮೇ ತಿಂಗಳ ಬಿಸಿಲಿನಲ್ಲಿ ಆ ದಾರಿಯ ನಡುವೆ ಹಳೆಯ ಅಂಬಾಸಡರೋ ಪದ್ಮಿನಿಯೋ ನಿಂತುಹೋದರೆ ಒಳಗೆ ಕುಳಿತವರ ಅವಸ್ಥೆಯನ್ನು ಹೇಳಬೇಕಾಗಿಲ್ಲ. ಇಂಥ ಕಾರನ್ನು ಉಳಿತಾಯದ ಹಣದಿಂದ ಕೊಂಡು ಕಾಪಾಡಿಕೊಂಡಿರುವ ಗುಮಾಸ್ತರು ನಮ್ಮಲ್ಲಿದ್ದಾರೆ. ಗ್ಯಾರೇಜಿನಲ್ಲಿ ಮಿಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿರುವ ತರುಣರೂ ಇದ್ದಾರೆ. ದೋಷ ಹತ್ತು ರೂಪಾಯಿಯ ತಂತಿಯಲ್ಲಿದ್ದಾಗ ಸಾವಿರಾರು ರೂಪಾಯಿಯ ಸಾಮಾನನ್ನು ಬದಲಾಯಿಸುವುದರಿಂದ ಮೊದಲಿನವರಿಗೆ ಹಣ ಹೋಗುತ್ತದೆ, ಎರಡನೆಯವರಿಗೆ ಹೆಸರು ಹೋಗುತ್ತದೆ. ಆದುದರಿಂದ ಈ ಪಾಠವನ್ನು ಇಬ್ಬರಿಗೂ ಉಪಯೋಗವಾಗುವಂತೆ ಬರೆಯುತ್ತಿದ್ದೇವೆ.

ಕಿಡಿ ಹುಟ್ಟುವ ಬಗೆ

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಹತ್ತಾರು ಸಾವಿರ ವೋಲ್ಟು ಬೇಕಾಗಬಹುದು. ಬ್ಯಾಟರಿಯಲ್ಲಿರುವುದು ಹನ್ನೆರಡೇ ವೋಲ್ಟು. ಈ ಅಂತರವನ್ನು ತುಂಬುವುದು ಕಾಯಿಲ್. ಅದರೊಳಗೆ ದಪ್ಪ ತಂತಿಯ ಒಂದು ಸುತ್ತು, ಸಣ್ಣ ತಂತಿಯ ಇನ್ನೊಂದು ಸುತ್ತು ಇವೆ. ದಪ್ಪ ಸುತ್ತಿನಲ್ಲಿ ಹರಿಯುವ ಪ್ರವಾಹವನ್ನು ತಟ್ಟನೆ ಕಡಿದಾಗ ಸಣ್ಣ ಸುತ್ತಿನಲ್ಲಿ ಭಾರಿ ವೋಲ್ಟು ಏಳುತ್ತದೆ. ಕಡಿಯುವ ಕೆಲಸವೇ ಇಲ್ಲಿ ಮುಖ್ಯವೆಂಬುದನ್ನು ಓದುಗರು ನೆನಪಿಡಬೇಕು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಢಿಗೆ ತಂದ ಬ್ಯಾಟರಿ ಇಗ್ನಿಷನ್ ಕ್ರಮದಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಮಾಡುತ್ತಿದ್ದುವು. 1912ರ ಕ್ಯಾಡಿಲಾಕಿನ ನಂತರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರಪಂಚದ ಬಹುತೇಕ ಕಾರುಗಳು ಇದನ್ನೇ ನಂಬಿದ್ದುವು. ಪಾಯಿಂಟು ಸವೆಯುತ್ತದೆ, ಸುಡುತ್ತದೆ, ಅದರ ಸಂದು ಬದಲಾಗುತ್ತದೆ. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ, ಸವೆಯದ ಸ್ವಿಚ್ಚು ಸಾಧ್ಯವಾಯಿತು. ಈಗ ಹಳೆಯ ಕಾರುಗಳಿಗೆ ಹಾಕುವ ಅನೇಕ ಕಿಟ್ಟುಗಳಲ್ಲಿ ದಂಡದ ಮೇಲೆ ಅಯಸ್ಕಾಂತದ ಉಂಗುರ, ಅದರ ಬದಿಗೆ ಪುಟ್ಟ ಮಾಡ್ಯೂಲು ಇರುತ್ತವೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ತ್ವದಂತೆ, ಅಯಸ್ಕಾಂತ ಎದುರಿಗೆ ಬಂದುಹೋಗುವುದನ್ನು ಮಾಡ್ಯೂಲು ಅರಿತು ಪ್ರವಾಹವನ್ನು ಕಡಿಯುತ್ತದೆ.

ಇಂಥ ಮಾಡ್ಯೂಲಿನಿಂದ ಸಾಮಾನ್ಯವಾಗಿ ಎರಡೇ ತಂತಿ ಹೊರಬರುತ್ತವೆ. ಕೆಂಪು ತಂತಿ ಕೀಲಿಯಿಂದ ಬರುವ ಧನ ಪ್ರವಾಹಕ್ಕೆ, ಕಪ್ಪು ತಂತಿ ಕಾಯಿಲಿನ ಋಣ ತುದಿಗೆ. ಮೂರನೆಯ ದಾರಿ ಕಣ್ಣಿಗೆ ಕಾಣುವುದಿಲ್ಲ: ಡಿಸ್ಟ್ರಿಬ್ಯೂಟರಿನ ಮೈಯೇ ಅರ್ತ್. ಬಣ್ಣಗಳು ತಯಾರಕರಂತೆ ಬೇರೆಯಾಗಬಹುದಾದುದರಿಂದ ಕಿಟ್ಟಿನ ಜೊತೆಗಿನ ಕಾಗದವನ್ನು ಎಸೆಯಬಾರದು.

ಮೊದಲ ಎಚ್ಚರಿಕೆ

ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಪೆಟ್ರೋಲ್ ವಾಸನೆ ಬಂದರೆ ಸೋರಿಕೆ ನಿಲ್ಲಿಸದೆ ಕಿಡಿಯ ಪರೀಕ್ಷೆ ಮಾಡಕೂಡದು. ಪ್ಲಗ್ಗಿನ ತಂತಿಯನ್ನು ಬರಿಗೈಯಲ್ಲಿ ಹಿಡಿಯಕೂಡದು. ಆ ತಂತಿಯನ್ನು ಗಾಳಿಯಲ್ಲಿ ತೂಗಬಿಟ್ಟು ಎಂಜಿನ್ ತಿರುಗಿಸಲೂ ಕೂಡದು. ದಾರಿ ಸಿಗದ ವೋಲ್ಟು ಕಾಯಿಲನ್ನೋ ಮಾಡ್ಯೂಲನ್ನೋ ಒಡೆದುಕೊಂಡು ಹೋಗುತ್ತದೆ. ಎಂಜಿನ್ ನಿಂತಿರುವಾಗ ಕೀಲಿಯನ್ನು ಬಹಳ ಹೊತ್ತು ಆನ್ ಮಾಡಿಡಬಾರದು.

ಇಂಗ್ಲೆಂಡಿನ ಮಾದರಿಯ ಹಳೆಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಅರ್ತ್ ಆಗಿರುತ್ತದೆ. ಅಂಥ ಕಾರಿಗೆ ಸಾಧಾರಣ ಕಿಟ್ಟು ಜೋಡಿಸಿದರೆ ಕೀಲಿ ತಿರುಗಿಸಿದ ಕ್ಷಣದಲ್ಲೇ ಅದು ಸುಡಬಹುದು. ಮೊದಲು ಬ್ಯಾಟರಿಯ ಯಾವ ತುದಿ ಮೈಗೆ ಸೇರಿದೆ ಎಂದು ನೋಡಬೇಕು. ಮುಂದೆ ಹೇಳುವುದು ಋಣ ತುದಿ ಅರ್ತ್ ಆಗಿರುವ 12 ವೋಲ್ಟಿನ ಕಾರಿಗೆ.

ಪರೀಕ್ಷೆಯ ಕ್ರಮ

1. ಒಂದು ಬೇರೆ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಭದ್ರವಾಗಿ ಕಟ್ಟಿ, ಸ್ಟಾರ್ಟರ್ ತಿರುಗಿಸಿ. ಗಟ್ಟಿಯಾದ ನೀಲಿ ಕಿಡಿ ಕ್ರಮವಾಗಿ ಬಂದರೆ ಪೆಟ್ರೋಲಿನ ದಾರಿಯನ್ನೂ ಟೈಮಿಂಗನ್ನೂ ನೋಡಬೇಕು. ಕಿಡಿ ಇಲ್ಲದಿದ್ದರೆ ಕಾಯಿಲಿನಿಂದ ಬರುವ ನಡುವಿನ ತಂತಿಗೇ ಪ್ಲಗ್ಗು ಹಾಕಿ ನೋಡಿ. ಅಲ್ಲಿ ಕಿಡಿ ಇದ್ದರೆ ದೋಷವು ಕ್ಯಾಪ್, ರೋಟರ್ ಅಥವಾ ಪ್ಲಗ್ ತಂತಿಗಳಲ್ಲಿದೆ. ಮಳೆಗಾಲದಲ್ಲಿ ಕ್ಯಾಪಿನೊಳಗಿನ ತೇವ ಒರೆಸಿದರೆ ಸಾಕಾಗುವುದುಂಟು.

2. ಅಲ್ಲಿಯೂ ಕಿಡಿ ಇಲ್ಲವೆ? ಆಗ ಮೀಟರು ಹಿಡಿಯಬೇಕು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರುತ್ತದೆ. ಸ್ಟಾರ್ಟರ್ ತಿರುಗುವಾಗ ಅದು 9 ವೋಲ್ಟಿಗಿಂತ ಕೆಳಗೆ ಕುಸಿದರೆ ಮಾಡ್ಯೂಲು ಎಚ್ಚರಗೊಳ್ಳದೆಯೇ ಇರಬಹುದು. ದೋಷ ಬ್ಯಾಟರಿಯದು, ಮಾಡ್ಯೂಲಿನದಲ್ಲ.

3. ಕೀಲಿ ಆನ್ ಮಾಡಿ ಕೆಂಪು ತಂತಿಯ ವೋಲ್ಟು ನೋಡಿ. ಅದು ಬ್ಯಾಟರಿಗೆ ಹತ್ತಿರವಾಗಿರಬೇಕು. ಕೆಲವು ಕಾರುಗಳಲ್ಲಿ ಕಾಯಿಲಿಗೆ ಹೋಗುವ ದಾರಿಯಲ್ಲಿ ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಅದರಾಚೆ ವೋಲ್ಟು ಕಡಮೆ. ಮಾಡ್ಯೂಲಿಗೆ ಪೂರ್ಣ ವೋಲ್ಟು ಬೇಕಾದಲ್ಲಿ ಕೆಂಪು ತಂತಿಯನ್ನು ರೆಸಿಸ್ಟರಿಗೆ ಮೊದಲೇ, ಕೀಲಿಯ ಕಡೆಗೆ ಜೋಡಿಸಬೇಕು.

ಇಲ್ಲಿ ಎರಡು ಲಕ್ಷಣಗಳನ್ನು ಬೇರ್ಪಡಿಸಿಕೊಳ್ಳೋಣ. ಸ್ಟಾರ್ಟರ್ ತಿರುಗುವಾಗ ಎಂಜಿನ್ ಹಿಡಿದು, ಕೀಲಿ ಬಿಟ್ಟೊಡನೆ ಆರಿದರೆ ಬ್ಯಾಲಸ್ಟ್ ಕಡಿದಿರುವ ಸಂಭವ ಹೆಚ್ಚು; ಏಕೆಂದರೆ ಸ್ಟಾರ್ಟ್ ಮಾಡುವಾಗ ಮಾತ್ರ ಪ್ರವಾಹ ಅದನ್ನು ಬಳಸಿ ಬೇರೆ ದಾರಿಯಿಂದ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಕೀಲಿಯನ್ನು ಬಿಡುವ ಗಳಿಗೆಯಲ್ಲಿ ಮಾತ್ರ ಎಂಜಿನ್ ಹಿಡಿದರೆ, ಕೆಂಪು ತಂತಿಯನ್ನು ಸ್ಟಾರ್ಟ್ ಸಮಯದಲ್ಲಿ ಪ್ರವಾಹವಿಲ್ಲದ ತುದಿಗೆ ಜೋಡಿಸಿರಬೇಕು, ಇಲ್ಲವೆ ಬ್ಯಾಟರಿ ಸೋತಿರಬೇಕು.

4. ಇನ್ನು ಅರ್ತ್. ಮೀಟರಿನ ಒಂದು ಮೊನೆ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಗೆ. ಕೀಲಿ ಆನ್ ಇದ್ದಾಗ ಮೀಟರು ಬಹುಮಟ್ಟಿಗೆ ಸೊನ್ನೆ ತೋರಬೇಕು. 0.2 ವೋಲ್ಟಿಗೆ ಮೀರಿದರೆ ಅರ್ತ್ ಕೆಟ್ಟಿದೆ. ತಟ್ಟೆಯಿಂದ ಮೈಗೆ ಹೋಗುವ ಚಿಕ್ಕ ಹೆಣಿಗೆ ತಂತಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕಡಿದಿರುವುದುಂಟು. ತುಕ್ಕು, ಬಣ್ಣ, ಎಣ್ಣೆಜಿಡ್ಡು ಉಜ್ಜಿ ತೆಗೆದು ಬಿಗಿಯಿರಿ. ಈ ಹೆಜ್ಜೆಯನ್ನು ದಾಟಿ ಹೋಗುವವರೇ ಒಳ್ಳೆಯ ಮಾಡ್ಯೂಲನ್ನು ಕಸಕ್ಕೆ ಹಾಕುತ್ತಾರೆ.

5. ಕೀಲಿ ತೆಗೆದು, ಕಾಯಿಲಿನ ತಂತಿಗಳನ್ನು ಬಿಚ್ಚಿ, ಎರಡು ಚಿಕ್ಕ ತುದಿಗಳ ನಡುವೆ ಓಮ್ ಅಳೆಯಿರಿ. ಬ್ಯಾಲಸ್ಟ್ ಇಲ್ಲದ ಕಾಯಿಲಿಗೆ ಸುಮಾರು 3, ಬ್ಯಾಲಸ್ಟ್ ಜೊತೆಗಿನದಕ್ಕೆ ಸುಮಾರು 1.5 ಓಮ್. ಕಡಮೆ ಓಮಿನ ಕಾಯಿಲನ್ನು ಬ್ಯಾಲಸ್ಟ್ ಇಲ್ಲದೆ ಹಾಕಿದರೆ ಪ್ರವಾಹ ಮಿತಿಮೀರಿ ಮಾಡ್ಯೂಲು ಬೇಯುತ್ತದೆ.

6. ಕಡೆಯದಾಗಿ, ತಂತಿಗಳನ್ನು ಮತ್ತೆ ಜೋಡಿಸಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಧನಕ್ಕೂ ಇನ್ನೊಂದನ್ನು ಕಾಯಿಲಿನ ಋಣಕ್ಕೂ ತಾಗಿಸಿ ಸ್ಟಾರ್ಟರ್ ತಿರುಗಿಸಿ. ದೀಪ ಮಿನುಗಿದರೆ ಮಾಡ್ಯೂಲು ಕೆಲಸಮಾಡುತ್ತಿದೆ. ಮಿನುಗದೆ ಹೋದರೆ, ಹಿಂದಿನ ಪರೀಕ್ಷೆಗಳೆಲ್ಲ ಸರಿಯಾಗಿದ್ದು, ಅಯಸ್ಕಾಂತದ ಉಂಗುರವೂ ಅದರ ಸಂದೂ ಸರಿಯಿದ್ದರೆ ಮಾತ್ರ, ಮಾಡ್ಯೂಲು ಕೆಟ್ಟಿದೆಯೆಂದು ಹೇಳಬಹುದು.

ಬಿಸಿಯ ದೋಷ

ನಾಗಪುರದ ಸೀಮೆಯಲ್ಲಿ ಬೇಸಗೆಯ ಶಾಖ 45 ಡಿಗ್ರಿ ದಾಟುತ್ತದೆ; ಬಾನೆಟ್ಟಿನ ಕೆಳಗೆ ಇನ್ನೂ ಹೆಚ್ಚು. ಬೆಳಿಗ್ಗೆ ಸರಿಯಾಗಿದ್ದ ಕಾರು ಮಧ್ಯಾಹ್ನ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಹೊರಟರೆ ಕಾಯಿಲು ಅಥವಾ ಮಾಡ್ಯೂಲು ಬಿಸಿಗೆ ಸೋಲುತ್ತಿರಬಹುದು. ತಣ್ಣಗಿರುವಾಗ ಅಳೆದರೆ ಇದು ಸಿಕ್ಕುವುದಿಲ್ಲ. ನಿಂತ ಕೂಡಲೆ, ಬಿಸಿಯಿರುವಾಗಲೇ, ಮೇಲಿನ ಪರೀಕ್ಷೆಗಳನ್ನು ಮಾಡಬೇಕು. ಪೆಟ್ರೋಲ್ ಕೊಳವೆಯಲ್ಲಿ ಆವಿ ಕಟ್ಟಿಕೊಂಡರೂ ಇದೇ ಲಕ್ಷಣ ಕಾಣುವುದರಿಂದ ಮೊದಲ ಹೆಜ್ಜೆಯ ಕಿಡಿ ಪರೀಕ್ಷೆಯನ್ನು ಬಿಡಕೂಡದು.

ಬಿಚ್ಚಿದ ಪಾಯಿಂಟು, ಕಂಡೆನ್ಸರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಕಾರಿನಲ್ಲೇ ಇಡಿ. ದಾರಿಯಲ್ಲಿ ಮಾಡ್ಯೂಲು ಕೈಕೊಟ್ಟರೆ ಅವೇ ಮನೆ ಮುಟ್ಟಿಸುತ್ತವೆ. ಮತ್ತೊಂದು ಕಾರಣವೂ ಇದೆ: 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮಗಳಲ್ಲಿ, 50 ವರ್ಷ ಮೀರಿದ ಕಾರಿಗೆ ವಿಂಟೇಜ್ ನೋಂದಣಿ ದೊರೆಯಲು ಅದು ಮೂಲರೂಪದಲ್ಲಿರಬೇಕೆಂದು ಹೇಳಿದೆ.

ಅಭ್ಯಾಸಕ್ಕೆ

(ಅ) ಕಾಯಿಲಿನ ತಂತಿಯಲ್ಲಿ ಕಿಡಿ ಇದೆ, ಪ್ಲಗ್ಗಿನಲ್ಲಿ ಇಲ್ಲ. ಎಲ್ಲಿ ಹುಡುಕುವಿರಿ?
(ಆ) ಡಿಸ್ಟ್ರಿಬ್ಯೂಟರಿನ ತಟ್ಟೆಗೂ ಬ್ಯಾಟರಿಯ ಋಣಕ್ಕೂ ನಡುವೆ 1 ವೋಲ್ಟು ತೋರುತ್ತಿದೆ. ಮಾಡ್ಯೂಲು ಕೊಳ್ಳಬೇಕೆ?
(ಇ) ಕೀಲಿ ಬಿಟ್ಟೊಡನೆ ಎಂಜಿನ್ ಆರುತ್ತದೆ. ಕಾರಣವೇನು?

ಉತ್ತರಗಳು ಪಾಠದಲ್ಲಿಯೇ ಇವೆ. ಅಳೆಯದೆ ಏನನ್ನೂ ಬದಲಾಯಿಸದಿರುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು: ಈ ಎರಡನ್ನು ರೂಢಿಮಾಡಿಕೊಂಡ ತರುಣನಿಗೆ ಯಾವ ಊರಿನಲ್ಲಾದರೂ ಕೆಲಸ ಸಿಕ್ಕುತ್ತದೆ.