ಟಿಕೆಟ್ ಉಚಿತವಾಯಿತು, ದಾರಿ? ಮುಳಬಾಗಿಲಿನ ಹೆಣ್ಣುಮಕ್ಕಳ ಓಡಾಟಕ್ಕೆ ಒಂಬತ್ತು ಸೂತ್ರ

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಹೆಂಗಸರ ಉಚಿತ ಪ್ರಯಾಣದ ಲೆಕ್ಕ 500 ಕೋಟಿ ಮುಟ್ಟಿತು. ಮುಳಬಾಗಿಲಿನಂಥ, ರೈಲು ಹಳಿಯೇ ಇಲ್ಲದ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ. ಕೋಲಾರದ ಕಾಲೇಜು, ಎಸ್‌ಎನ್‌ಆರ್ ಆಸ್ಪತ್ರೆ, ನರಸಾಪುರ ಮತ್ತು ವೇಮಗಲ್‌ನ ಕಾರ್ಖಾನೆ, ಶ್ರೀನಿವಾಸಪುರದ ನೆಂಟರ ಮನೆ, ಎಲ್ಲಿಗೆ ಹೋಗಬೇಕಾದರೂ ಬಸ್ಸೇ ಗತಿ. ಕಾಸಿನ ಚಿಂತೆ ತಪ್ಪಿತು. ಬಸ್ ಬರುತ್ತದೋ ಇಲ್ಲವೋ, ಇಳಿದ ಮೇಲೆ ಊರು ಸೇರುವುದು ಹೇಗೆ, ಪಕ್ಕದಲ್ಲಿ ನಿಂತವನ ಕೈ ಎಲ್ಲಿದೆ ಎಂಬ ಚಿಂತೆ ಹಾಗೇ ಉಳಿಯಿತು.

ಇದಕ್ಕೆ ನಾವು ಕಂಡುಕೊಂಡಿರುವ ಸುಲಭದ ಪರಿಹಾರ, ಮಗಳಿಗೆ "ಹುಷಾರಾಗಿ ಹೋಗಿ ಬಾ" ಎಂದು ಹೇಳಿ ಬಾಗಿಲಲ್ಲಿ ನಿಲ್ಲುವುದು. ಅವಳು ಹುಷಾರಾಗಿಯೇ ಇದ್ದಾಳೆ. ಹುಷಾರಾಗಬೇಕಾದವರು ಬಸ್ಸು ಬಿಡುವವರು, ಕಂಪನಿ ನಡೆಸುವವರು, ಪಂಚಾಯಿತಿಯಲ್ಲಿ ಕೂತವರು. ಈ ಸೂತ್ರಗಳಲ್ಲಿ ಹೆಚ್ಚಿನವು ಅವರಿಗೇ.

1. ವೇಳಾಪಟ್ಟಿಯನ್ನು ಕೊನೆ ಬಸ್ಸಿನಿಂದ ಹಿಂದಕ್ಕೆ ಬರೆಯಿರಿ

ಬೆಳಗ್ಗೆ ಎಷ್ಟು ಬಸ್ ಹೊರಡುತ್ತವೆ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು, ಬಟ್ಟೆ ಅಂಗಡಿಯ ಷಟರ್ ಎಳೆದ ಮೇಲೆ, ಲ್ಯಾಬಿನ ಪಾಳಿ ಮುಗಿದ ಮೇಲೆ, ಟ್ಯೂಷನ್ ಬಿಟ್ಟ ಮೇಲೆ ಯಾವ ಬಸ್ಸಿದೆ ಎಂದು. ಕೊನೆ ಬಸ್ಸು ಸಿಗದಂಥ ಕೆಲಸವನ್ನು ಹುಡುಗಿ ಬಿಡುವುದಿಲ್ಲ, ಮನೆಯವರು ಬಿಡಿಸುತ್ತಾರೆ. ಎರಡು ಸಲ ತಡವಾದರೆ ಸಾಕು, ಮೂರನೆಯ ಸಲಕ್ಕೆ ಗಂಡು ನೋಡುವ ಮಾತು ಶುರು.

ಡಿಪೋದವರಿಗೆ ಒಂದೇ ಕೋರಿಕೆ. ಬಸ್ ಕೆಟ್ಟಿತು, ಸಿಬ್ಬಂದಿ ಇಲ್ಲ, ಟ್ರಿಪ್ ಕಟ್ ಮಾಡಲೇಬೇಕು ಎಂದಾದರೆ ಮಧ್ಯಾಹ್ನದ ಟ್ರಿಪ್ ಕಟ್ ಮಾಡಿ. ಮಧ್ಯಾಹ್ನ ತಪ್ಪಿದವರಿಗೆ ಇನ್ನೊಂದು ಬಸ್ಸಿರುತ್ತದೆ. ರಾತ್ರಿ ತಪ್ಪಿದವಳಿಗೆ ಉಳಿಯುವುದು ಯಾರದೋ ಬೈಕಿನ ಹಿಂದಿನ ಸೀಟು.

2. ಗೇಟಿನಿಂದ ಊರಿನ ತನಕ ದೀಪ ಹಾಕಿಸಿ

ರಾಷ್ಟ್ರೀಯ ಹೆದ್ದಾರಿ 75 ಅಗಲವಾದ ಮೇಲೆ ಬೆಂಗಳೂರು ಹತ್ತಿರವಾಯಿತು, ನಮ್ಮದೇ ಊರು ದೂರವಾಯಿತು. ಎಕ್ಸ್‌ಪ್ರೆಸ್ ಬಸ್ಸುಗಳು ಸೇತುವೆ ಮೇಲೇ ಹೋಗಿಬಿಡುತ್ತವೆ. ನಿಲ್ಲಿಸಿದರೂ ಇಳಿಸುವುದು ಊರ ಗೇಟಿನಲ್ಲಿ, ಅಂದರೆ ಹೆದ್ದಾರಿಯ ಕ್ರಾಸಿನಲ್ಲಿ, ಅಲ್ಲಿಂದ ಅಂಡರ್‌ಪಾಸ್ ದಾಟಿ, ಸರ್ವಿಸ್ ರಸ್ತೆ ಹಿಡಿದು, ಹೊಲದ ನಡುವೆ ನಡೆಯಬೇಕು. ಬೆಳಗಿನ ಪಾಳಿಗೆ ಹೋಗುವ ಹುಡುಗಿಯರನ್ನು ಒಮ್ಮೆ ನೋಡಿ. ಕುತ್ತಿಗೆಯಲ್ಲಿ ಕಂಪನಿಯ ಟ್ಯಾಗ್, ಹೆಗಲಲ್ಲಿ ಊಟದ ಡಬ್ಬಿಯ ಚೀಲ, ಕೈಯಲ್ಲಿ ಮೊಬೈಲಿನ ಟಾರ್ಚು. ಲಾರಿ ಬಂದಾಗ ಎಲ್ಲರೂ ಒಟ್ಟಿಗೇ ಹಿಂದಕ್ಕೆ ಸರಿಯುತ್ತಾರೆ, ಹೋದ ಮೇಲೆ ಮತ್ತೆ ಮುಂದಕ್ಕೆ ಬರುತ್ತಾರೆ. ಲಕ್ಷಾಂತರ ರೂಪಾಯಿಯ ಯಂತ್ರ ನಡೆಸುವ ಕೈಗಳಿಗೆ ಊರ ಗೇಟಿನಲ್ಲಿ ಒಂದು ದೀಪವಿಲ್ಲ.

ಊರಿನ ದಾರಿದೀಪ ಗ್ರಾಮ ಪಂಚಾಯಿತಿಯ ಹೊಣೆ. ಹೆದ್ದಾರಿಯ ದೂರಿಗೆ 1033 ಇದೆ. ಇನ್ನೊಂದು ಕೆಲಸಕ್ಕೆ ಕಾಸೂ ಬೇಡ. ತಂಗುದಾಣದ ಬಾಯಿಗೆ ಅಡ್ಡಲಾಗಿ ಕಟ್ಟಿರುವ ಹುಟ್ಟುಹಬ್ಬದ ಫ್ಲೆಕ್ಸ್ ಕಿತ್ತುಹಾಕಿ. ಒಳಗೆ ಯಾರಿದ್ದಾರೆಂದು ರಸ್ತೆಗೆ ಕಾಣದ ತಂಗುದಾಣಕ್ಕಿಂತ, ಟೀ ಅಂಗಡಿಯ ಮುಂದಿನ ಬಯಲೇ ಹೆಣ್ಣುಮಕ್ಕಳಿಗೆ ವಾಸಿ. ಅವರು ನಿಲ್ಲುವುದೂ ಅಲ್ಲೇ. ಹೊಸ ತಂಗುದಾಣವನ್ನೂ ಜನ ಇರುವ ಕಡೆಯೇ ಕಟ್ಟಿ.

3. ಕಂಪನಿಯ ಬಸ್ಸೂ ಕಂಪನಿಯೇ ಎಂದು ತಿಳಿಯಿರಿ

ನರಸಾಪುರದಲ್ಲಿ ಹೋಂಡಾ ಬೈಕ್ ಕಾರ್ಖಾನೆ ಇದೆ. ಮೊದಲು ವಿಸ್ಟ್ರಾನ್ ಹೆಸರಲ್ಲಿದ್ದು, 2023ರಲ್ಲಿ ಟಾಟಾ ಕೈಗೆ ಬಂದ ಐಫೋನ್ ಜೋಡಣೆಯ ಕಾರ್ಖಾನೆಯೂ ಇದೆ. ಸುತ್ತಲಿನ ತಾಲ್ಲೂಕುಗಳ ಹುಡುಗಿಯರು ಅಲ್ಲಿಗೆ ದುಡಿಯಲು ಹೋಗುತ್ತಾರೆ. ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಕರ್ನಾಟಕ ಸರ್ಕಾರ 2019ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು, ಷರತ್ತು ಹಾಕಿ. ಕೆಲಸಗಾರ್ತಿಯ ಲಿಖಿತ ಸಮ್ಮತಿ ಇರಬೇಕು, ಮನೆಯಿಂದ ಕರೆತಂದು ಮನೆಗೆ ಬಿಡುವ ವಾಹನ ಇರಬೇಕು, ಅದರಲ್ಲಿ ಕ್ಯಾಮೆರಾ ಮತ್ತು ಜಿಪಿಎಸ್ ಇರಬೇಕು. ಗಮನಿಸಿ, ಮನೆಗೆ. ಹೆದ್ದಾರಿಯ ಕ್ರಾಸಿಗೆ ಅಲ್ಲ.

ಇಂಥ ಷರತ್ತುಗಳು ಸುಮ್ಮನೆ ಹುಟ್ಟಿದವಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್‌ಸೆಂಟರಿನ ಯುವತಿಯೊಬ್ಬಳನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಕೊಂದ. ಆಮೇಲೆ ಚಾಲಕರ ಹಿನ್ನೆಲೆ ಪರಿಶೀಲನೆ, ವಾಹನದಲ್ಲಿ ಕಾವಲುಗಾರ, ಹೆಂಗಸನ್ನು ಮೊದಲು ಹತ್ತಿಸಬಾರದು, ಕೊನೆಗೆ ಇಳಿಸಬಾರದು ಎಂಬ ಮಾತುಗಳೆಲ್ಲ ಬಿಗಿಯಾದವು.

ಸಮಸ್ಯೆ ಬರುವುದು ಗುತ್ತಿಗೆಯಲ್ಲಿ. ಹುಡುಗಿ ಒಬ್ಬ ಏಜೆನ್ಸಿಯವಳು, ಬಸ್ಸು ಇನ್ನೊಬ್ಬ ಮಾಲೀಕನದು, ಡ್ರೈವರು ಮತ್ತೊಬ್ಬನ ಕಡೆಯವನು. ದೂರು ಕೊಟ್ಟರೆ "ನಮ್ಮವರಲ್ಲ" ಎಂಬ ಉತ್ತರ ಮೂರೂ ಕಡೆಯಿಂದ ಬರುತ್ತದೆ. ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಬಸ್ಸಿನಲ್ಲಿ ನಡೆದದ್ದಕ್ಕೆ ಕಂಪನಿಯ ಆಂತರಿಕ ಸಮಿತಿಯಲ್ಲೇ ದೂರು ಕೊಡಬಹುದು, ಘಟನೆಯಾದ ಮೂರು ತಿಂಗಳೊಳಗೆ. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ, ಅಥವಾ ಮಾಲೀಕನ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಕೂಲಿಯ ಹೆಂಗಸೂ ಅಲ್ಲಿಗೆ ಹೋಗಬಹುದು. ಈ ವಿವರವನ್ನು ಬಸ್ಸಿನೊಳಗೆ ಕನ್ನಡದಲ್ಲೂ ತೆಲುಗಿನಲ್ಲೂ ಅಂಟಿಸಿ. ನಮ್ಮ ಕಡೆ ಸಿಟ್ಟು ಬಂದರೆ ಬಾಯಿಗೆ ಬರುವುದು ಎರಡೂ.

4. ಟೊಮೆಟೊ ಗಾಡಿಯಲ್ಲಿ ಜನ ತುಂಬಬೇಡಿ

ವಡ್ಡಹಳ್ಳಿ ಮಾರುಕಟ್ಟೆಗೆ, ಕೋಲಾರದ ಎಪಿಎಂಸಿಗೆ ಹೋಗುವ ಹಣ್ಣಿನ ಕ್ರೇಟಿಗೆ ಹಗ್ಗ ಬಿಗಿಯುತ್ತಾರೆ. ಆ ಹಣ್ಣು ಕಿತ್ತ ಹೆಂಗಸರು ಹಿಡಿದುಕೊಳ್ಳಲು ಏನೂ ಇಲ್ಲದೆ ಅದೇ ಪಿಕಪ್ಪಿನ ಹಿಂದೆ ನಿಂತು ಹೋಗುತ್ತಾರೆ. ಸರಕಿನ ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ಗಾಡಿ ಮಗುಚಿದರೆ ವಿಮೆ ಕಂಪನಿ ಹಿಡಿಯುವ ಮೊದಲ ತಕರಾರೂ ಅದೇ. ಪೊಲೀಸರು ದಂಡ ಹಾಕಿದ ಮಾತ್ರಕ್ಕೆ ಇದು ನಿಲ್ಲದು, ಏಕೆಂದರೆ ಬೆಳಗಿನ ಜಾವ ತೋಟಕ್ಕೆ ಬೇರೆ ದಾರಿಯಿಲ್ಲ. ಒಂದೇ ದಿಕ್ಕಿನ ನಾಲ್ಕೈದು ಮಂದಿ ರೈತರು ಸೇರಿ ಒಂದು ಮ್ಯಾಕ್ಸಿಕ್ಯಾಬ್ ಗೊತ್ತುಮಾಡಿ. ಅದರ ಬಾಡಿಗೆಯನ್ನು ಕೂಲಿ ಮಾತಾಡುವಾಗಲೇ ಮೇಸ್ತ್ರಿಯ ಹತ್ತಿರ ಮಾತಾಡಿ, ಹೆಂಗಸರ ಕೂಲಿಯಲ್ಲಿ ಮುರಿದುಕೊಳ್ಳಬೇಡಿ. ಶ್ರೀನಿವಾಸಪುರದ ಮಾವಿನ ಸುಗ್ಗಿಗೂ ಇದೇ ಮಾತು.

5. ಕಂಡಕ್ಟರಮ್ಮನಿಗೂ ಒಂದು ಬಾಗಿಲು, ಒಂದು ಚಿಲಕ ಕೊಡಿ

ಹೆಂಗಸರ ಪ್ರಯಾಣ ಎಂದಾಗ ಸೀಟಿನಲ್ಲಿ ಕೂತವರ ಬಗ್ಗೆ ಮಾತಾಡುತ್ತೇವೆ, ನಿಂತೇ ದುಡಿಯುವವಳನ್ನು ಮರೆಯುತ್ತೇವೆ. ಶಕ್ತಿ ಬಂದ ಮೇಲೆ ಆಕೆಯ ಕೆಲಸ ಇಳಿಯಲಿಲ್ಲ. ಕಾಸು ಎಣಿಸುವುದು ಕಡಿಮೆಯಾಯಿತು, ಆದರೆ ತಲೆಗೊಂದು ಶೂನ್ಯ ದರದ ಟಿಕೆಟ್ ಹರಿಯಲೇಬೇಕು. ತುಂಬಿದ ಬಸ್ಸಿನಲ್ಲಿ ಮುಂದಿನ ಸ್ಟಾಪ್ ಬರುವುದರೊಳಗೆ ಆಧಾರ್ ನೋಡಿ, ಮೆಷಿನ್ ಒತ್ತಿ, ಅರ್ಧ ಸೀಟು ಗಂಡಸರಿಗೆ ಎಂಬ ಜಗಳವನ್ನೂ ಬಿಡಿಸಬೇಕು. "ಪುಕ್ಕಟೆ ಬಸ್ಸು" ಎಂಬ ಕೊಂಕು ಹತ್ತಿದ ಹೆಂಗಸರಿಗೂ ತಗಲುತ್ತದೆ, ಆಕೆಗೂ ತಗಲುತ್ತದೆ.

ಇನ್ನು ಶೌಚಾಲಯ. ತಾಲ್ಲೂಕು ಕೇಂದ್ರದಲ್ಲಿ ಹೇಗೋ ಇದೆ. ಬಸ್ ತಿರುಗಿಸುವ ಹಳ್ಳಿಯಲ್ಲಿ? ಡ್ರೈವರಣ್ಣ ಗೋಡೆ ಹುಡುಕುತ್ತಾನೆ, ಆಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಟ್ರಿಪ್ ಮುಗಿಯುವ ಊರಿನ ಶಾಲೆಯದೋ ಅಂಗನವಾಡಿಯದೋ ಪಂಚಾಯಿತಿಯದೋ ಶೌಚಾಲಯದ ಬೀಗದ ಕೈ ಆಕೆಗೆ ಸಿಗುವಂತೆ ಮಾಡಲು ಬಜೆಟ್ ಬೇಕಿಲ್ಲ, ಒಂದು ಪತ್ರ ಸಾಕು.

ನೈಟ್ ಹಾಲ್ಟ್ ಇನ್ನೂ ಕಗ್ಗಂಟು. ರಾತ್ರಿ ಹಳ್ಳಿಯಲ್ಲೇ ತಂಗಿ ಬೆಳಗ್ಗೆ ಮೊದಲು ಹೊರಡುವ ಬಸ್ಸೇ ಕಾಲೇಜು ಹುಡುಗಿಯರ ಜೀವಾಳ. ಅದರ ಸಿಬ್ಬಂದಿ ಮಲಗುವುದು ಬಸ್ಸಿನಲ್ಲೇ. ಹಾಗಾಗಿ ಹೆಂಗಸಿಗೆ ಆ ಡ್ಯೂಟಿ ಬೇಡ ಎನ್ನುತ್ತಾರೆ, ಗಂಡು ಸಹೋದ್ಯೋಗಿಗಳು "ಸುಲಭದ ಡ್ಯೂಟಿ ಎಲ್ಲ ಅವರಿಗೇ" ಎಂದು ಗೊಣಗುತ್ತಾರೆ. ನನ್ನ ಕೇಳಿದರೆ, ಬಸ್ಸಿನಲ್ಲಿ ಮಲಗುವುದು ಗಂಡಸಿಗೂ ತಕ್ಕದ್ದಲ್ಲ. ಊರಿನಲ್ಲಿ ಫ್ಯಾನು, ಚಿಲಕ, ಬಚ್ಚಲು ಇರುವ ಒಂದು ಕೋಣೆ ಕೊಟ್ಟರೆ ಇಬ್ಬರ ದೂರೂ ಮುಗಿಯುತ್ತದೆ. ಬಸ್ ಬೇಕೆಂದು ಹಟ ಹಿಡಿಯುವ ಊರು ಕೋಣೆಯನ್ನೂ ಕೊಡಬೇಕು.

6. ಸ್ಟಿಯರಿಂಗ್ ಬಿಟ್ಟುಕೊಡಿ

ಪಕ್ಕದ ತಮಿಳುನಾಡಿನಲ್ಲಿ ವಸಂತಕುಮಾರಿ ಸರ್ಕಾರಿ ಬಸ್ಸಿನ ಚಾಲಕಿಯಾದದ್ದು 1993ರಲ್ಲಿ. ಮೂರು ದಶಕ ಕಳೆದರೂ ಬಸ್ಸಿಗೆ ಡ್ರೈವರಮ್ಮ ಬಂದರೆ ನಾವು ಕಣ್ಣು ಬಿಟ್ಟುಕೊಂಡು ನೋಡುತ್ತೇವೆ. ಮನಸ್ಸಿರುವ ಹುಡುಗಿಯರಿಗೆ ಲೆಕ್ಕ ಇಷ್ಟೇ: 18 ತುಂಬಿದೊಡನೆ ಕಾರಿನ ಲೈಸೆನ್ಸ್ ಮಾಡಿಸಿ. ಅದಕ್ಕೆ ಒಂದು ವರ್ಷ ಆಗಿ, ವಯಸ್ಸು 20 ತುಂಬಿದ ಮೇಲೆ ಭಾರಿ ವಾಹನದ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್‌ಗೆ ಅರ್ಜಿ ಹಾಕಬಹುದು. ನೇಮಕಾತಿ ಪ್ರಕಟಣೆ ಬಂದ ಮೇಲೆ ಓಡಿದರೆ ತಡವಾಗುತ್ತದೆ.

7. ಎಲ್ಲ ಹೆಂಗಸರನ್ನೂ ಒಂದೇ ಅಳತೆಯಲ್ಲಿ ಅಳೆಯಬೇಡಿ

ಮೊಣಕಾಲು ನೋವಿನ ಅಜ್ಜಿಗೆ ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟ. ಹೂವಿನ ಬುಟ್ಟಿಯವಳಿಗೆ ಬುಟ್ಟಿ ಇಳಿಸುವ ತನಕ ಬಸ್ ನಿಂತರೆ ಸಾಕು. ಊರುಗೋಲು ಹಿಡಿದವಳನ್ನು ಕಂಡು "ಹಿಂದಿನ ಬಸ್ಸಿಗೆ ಬಾಮ್ಮಾ" ಎನ್ನುವುದು ನಿರಾಕರಣೆಯೇ, ದನಿ ಎಷ್ಟೇ ಮೆತ್ತಗಿರಲಿ. ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಅವರ ಗುರುತಿನ ಚೀಟಿ ನೋಡಿ ನಗುವುದು ಕಂಡಕ್ಟರ್ ಕೆಲಸವೂ ಅಲ್ಲ, ಸಹಪ್ರಯಾಣಿಕರ ಕೆಲಸವೂ ಅಲ್ಲ.

ಗಡಿ ಸೊಸೆಯರಿಗೆ ಒಂದು ಕಿವಿಮಾತು. ಪಲಮನೇರಿನಿಂದಲೋ ಪುಂಗನೂರಿನಿಂದಲೋ ಮದುವೆಯಾಗಿ ಬಂದವರ ಆಧಾರಿನಲ್ಲಿ ತವರಿನ ವಿಳಾಸವೇ ಇದ್ದರೆ ಇಲ್ಲಿ ಶೂನ್ಯ ಟಿಕೆಟ್ ಸಿಗದು. ಕರ್ನಾಟಕದ ವಿಳಾಸಕ್ಕೆ ಬದಲಾಯಿಸಿಕೊಳ್ಳಿ. ಆದರೆ ತವರಿಗೆ ಹೋಗುವಾಗ ಕಾಸು ಕೊಡಲೇಬೇಕು. ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಬಸ್ ಉಚಿತ, ಅಲ್ಲಿನವರಿಗೆ ಮಾತ್ರ. ಅಂತರರಾಜ್ಯ ಬಸ್ಸುಗಳನ್ನು ಎರಡೂ ಸರ್ಕಾರ ಹೊರಗಿಟ್ಟಿವೆ. ಗಡಿಯ ನಂಗಲಿಯ ಈ ಕಡೆಯೂ ಉಚಿತ, ಆ ಕಡೆಯೂ ಉಚಿತ, ದಾಟುವವಳಿಗೆ ಮಾತ್ರ ದುಡ್ಡು. ಎರಡು ನಿಗಮಗಳು ಗಡಿ ಮಾರ್ಗಗಳಿಗೆ ಒಪ್ಪಂದ ಮಾಡಿಕೊಂಡೇ ಬಸ್ ಓಡಿಸುತ್ತವೆ. ಗಡಿ ತಾಲ್ಲೂಕುಗಳ ಮಟ್ಟಿಗೆ ಹೆಂಗಸರ ಉಚಿತ ಪ್ರಯಾಣವನ್ನೂ ಆ ಒಪ್ಪಂದದಲ್ಲಿ ಸೇರಿಸಲಿ.

8. ಕಂಡವರು ಬಾಯಿ ಬಿಡಿ

ನೂಕುನುಗ್ಗಲಿನಲ್ಲಿ ಕೈ ಹಾಕುವವನಿಗೆ ಬಲ ಕೊಡುವುದು ಸುತ್ತಲಿನವರ ಮೌನ. ದೊಡ್ಡ ಗಲಾಟೆ ಬೇಕಿಲ್ಲ. "ಬಾಮ್ಮಾ, ಈ ಕಡೆ ನಿಂತ್ಕೋ" ಎಂದು ಅವಳಿಗೆ ಜಾಗ ಮಾಡಿಕೊಡಿ, "ಏನ್ ಸ್ವಾಮಿ, ಅಷ್ಟು ಜಾಗ ಇದೆಯಲ್ಲ" ಎಂದು ಅವನಿಗೆ ಕೇಳಿಸಿ. ಕಂಡಕ್ಟರ್ ಕಣ್ಣಿಗೆ ಬೀಳಿಸಿ. ಮಿತಿ ಮೀರಿದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181.

ಓಡುವ ಬಸ್ಸಿನಲ್ಲಿ ನಡೆದ ಘಟನೆಗೆ "ಅದು ನಮ್ಮ ಠಾಣೆ ವ್ಯಾಪ್ತಿ ಅಲ್ಲ" ಎಂಬ ಮಾತು ಈಗ ನಡೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಶೂನ್ಯ ಟಿಕೆಟ್ಟನ್ನು ಇಳಿದ ಕೂಡಲೇ ಬಿಸಾಡಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ ಎಲ್ಲಿ ಹತ್ತಿದಿರಿ ಎಂಬುದಕ್ಕೆ ಅದೇ ಸಾಕ್ಷಿ. ಬಸ್ ಮಾಲೀಕರೇ, ಅಪಾಯದ ಕೆಂಪು ಗುಂಡಿ ಹಾಕಿಸಿದರೆ ಸಾಲದು. ಒತ್ತಿದರೆ ಆ ಕಡೆ ಎತ್ತಿಕೊಳ್ಳುವವರು ಇದ್ದಾರೆಯೇ ಎಂದು ಆಗಾಗ ಒತ್ತಿ ನೋಡಿ.

9. ಬೇಡಿಕೆಯನ್ನು ಕಾಗದದಲ್ಲಿ ಬೇಡಿ

"ನಮ್ಮೂರಿಗೆ ಬಸ್ ಬಿಡಿ" ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ. ಯಾವ ಊರಿಂದ ಎಷ್ಟು ಜನ ಹೆಂಗಸರು, ಎಲ್ಲಿಗೆ, ಎಷ್ಟು ಗಂಟೆಗೆ ಹೋಗುತ್ತಾರೆ, ಎಷ್ಟು ಗಂಟೆಗೆ ವಾಪಸಾಗುತ್ತಾರೆ ಎಂದು ಪಟ್ಟಿ ಮಾಡಿ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಪಟ್ಟಿ ಒಂದೇ ಸಂಜೆಯಲ್ಲಿ ಆಗುತ್ತದೆ. ಗ್ರಾಮಸಭೆಯ ನಿರ್ಣಯ ಲಗತ್ತಿಸಿ ಮುಳಬಾಗಿಲು ಡಿಪೋ ಮ್ಯಾನೇಜರರಿಗೆ ಕೊಡಿ, ಪ್ರತಿಯನ್ನು ಕೋಲಾರದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕಳಿಸಿ, ತಾಲ್ಲೂಕಿನ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯಲ್ಲಿ ಶಾಸಕರಿಂದ ಕೇಳಿಸಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಒಂದೇ ಪ್ರಶ್ನೆ ಕೇಳಿ: ಕಳೆದ ಆರು ತಿಂಗಳಲ್ಲಿ ನಮ್ಮ ಮಾರ್ಗದ ರಾತ್ರಿ ಟ್ರಿಪ್ ಎಷ್ಟು ದಿನ ರದ್ದಾಗಿದೆ? 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ.