ಸುದ್ದಿಯನ್ನು ವಿಚಾರಿಸಿ ನೋಡಿರಿ

ಬನೂ ಮುಸ್ತಲಿಕ್ ಗೋತ್ರದವರಿಂದ ಝಕಾತ್ ಸಂಗ್ರಹಿಸಲು ಪ್ರವಾದಿವರ್ಯರು(ಸ) ಒಬ್ಬರನ್ನು ಕಳುಹಿಸಿದ್ದರು. ಅವರು ದಾರಿಯಲ್ಲೇ ಹೆದರಿ ಮರಳಿದರು. ಆ ಜನರು ಝಕಾತ್ ನಿರಾಕರಿಸಿ ತನ್ನನ್ನು ಕೊಲ್ಲಲು ಹೊರಟರೆಂದು ತಿಳಿಸಿದರು. ವಿಚಾರಿಸಿದಾಗ ಅದು ನಿಜವಲ್ಲವೆಂದು ತಿಳಿಯಿತು. ‘ಅಲ್ ಹುಜುರಾತ್’ ಅಧ್ಯಾಯದ 6ನೆಯ ಸೂಕ್ತದ ಹಿನ್ನೆಲೆಯಾಗಿ ಅನೇಕ ವ್ಯಾಖ್ಯಾನಕಾರರು ಈ ಘಟನೆಯನ್ನು ಉಲ್ಲೇಖಿಸಿದ್ದಾರೆ. ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ಹೆಜ್ಜೆಯಿಡಬಾರದೆಂಬುದು ಆ ಸೂಕ್ತದ ಆದೇಶ.

ಮನೆಯ ಕಂಪ್ಯೂಟರಿಗೆ ಬರುವ ವಂಚನೆಯ ಇಮೇಲ್‌ಗಳೂ ಭಯ ಮತ್ತು ಆತುರವನ್ನೇ ಆಯುಧವಾಗಿಸುತ್ತವೆ. ಬ್ಯಾಂಕ್ ಖಾತೆ ಇಂದೇ ನಿಂತುಹೋಗುವುದೆಂದು ಒಂದು ಪತ್ರ. ಕೊಲ್ಲಿಯಲ್ಲಿರುವ ಮಗನ ಹೆಸರಿನಲ್ಲಿ, ತುರ್ತಾಗಿ ಹಣ ಬೇಕೆಂದು ಇನ್ನೊಂದು. ರಮಝಾನ್‌ನಲ್ಲಂತೂ ಅನಾಥ ಮಕ್ಕಳ ಚಿತ್ರ ಹೊತ್ತು ಝಕಾತ್ ಕೇಳುವವರಿಗೆ ಕೊರತೆಯಿಲ್ಲ. ‘ಅತ್ತೌಬಃ’ ಅಧ್ಯಾಯದ 60ನೆಯ ಸೂಕ್ತವು ಝಕಾತ್‌ನ ಹಕ್ಕುದಾರರ ಎಂಟು ವರ್ಗಗಳನ್ನು ಹೆಸರಿಸಿದೆ. ಅದರಲ್ಲಿ ವಂಚಕನಿಗೆ ಪಾಲಿಲ್ಲ!

ಪರಿಶೀಲಿಸುವುದು ಹೇಗೆ? ಕಳುಹಿಸಿದವನ ಹೆಸರನ್ನು ನೋಡಿ ನಂಬಬೇಡಿ. ಆ ಜಾಗದಲ್ಲಿ ಯಾರೂ ಯಾವ ಹೆಸರನ್ನೂ ಬರೆಯಬಹುದು. ಹೆಸರಿನ ಹಿಂದಿರುವ ವಿಳಾಸವನ್ನು ಪೂರ್ತಿಯಾಗಿ ಓದಿರಿ. ಅದು ಸರಿಯಿದ್ದರೂ ಸಾಲದು. ಮಗನ ಖಾತೆಯೇ ಕಳ್ಳನ ವಶವಾಗಿರಬಹುದು. ಆದ್ದರಿಂದ ಆ ಪತ್ರಕ್ಕೆ ಉತ್ತರಿಸುವ ಬದಲು, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಮಗನನ್ನೇ ಕೇಳಿರಿ. ಬ್ಯಾಂಕಿನ ವಿಷಯವಾದರೆ ಪಾಸ್‌ಬುಕ್‌ನಲ್ಲಿರುವ ನಂಬರು ಇದ್ದೇ ಇದೆ. ಪರಿಚಿತರ ಹೆಸರಿನಲ್ಲಿ ಬಂದ ಲಗತ್ತನ್ನೂ ಕೇಳದೆ ತೆರೆಯಬಾರದು. 2000ದ ಮೇ ತಿಂಗಳಲ್ಲಿ ‘ಐ ಲವ್ ಯು’ ವೈರಸ್ ಲೋಕವಿಡೀ ಹರಡಿದ್ದು ಪ್ರೇಮಪತ್ರದ ವೇಷದ ಲಗತ್ತಿನಿಂದ. ಅದನ್ನು ತೆರೆದವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದು ತಾನೇ ತಾನಾಗಿ ಹೋಗುತ್ತಿತ್ತು.

ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ ಎಂದು ಪರದೆಯ ಮೇಲೆ ಹಠಾತ್ತನೆ ಬರುವ ಎಚ್ಚರಿಕೆ ಮೋಸವೇ ಸರಿ. ಕರೆ ಮಾಡಿದರೆ ಒಂದು ಆ್ಯಪ್ ಹಾಕಿಸುತ್ತಾರೆ. ಆಮೇಲೆ ಕಂಪ್ಯೂಟರಿನ ಹಿಡಿತ ಅವರ ಕೈಯಲ್ಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರ್ ಇರುವ ಮನೆಯವರು ಇದನ್ನು ಗಮನಿಸಬೇಕು. ಇಮೇಲ್‌ಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟು, ಎರಡು ಹಂತದ ದೃಢೀಕರಣವನ್ನು ಆರಂಭಿಸಿರಿ. ಇಮೇಲ್ ಕೈತಪ್ಪಿದರೆ ಅದರ ಮೂಲಕ ಇತರ ಖಾತೆಗಳ ಪಾಸ್‌ವರ್ಡನ್ನೂ ಬದಲಾಯಿಸಿಕೊಳ್ಳಬಹುದು.

ಹೀಗೆ ಎಲ್ಲರನ್ನೂ ಸಂಶಯಿಸುವುದು ಪಾಪವಲ್ಲವೇ ಎಂದು ಕೆಲವು ಹಿರಿಯರು ಕೇಳುವುದುಂಟು. ಅತಿಯಾದ ಸಂಶಯವನ್ನು ನಿಷೇಧಿಸಿದ್ದು ಅದೇ ‘ಅಲ್ ಹುಜುರಾತ್’ ಅಧ್ಯಾಯದ 12ನೆಯ ಸೂಕ್ತ. ಎರಡೂ ಒಂದೇ ಅಧ್ಯಾಯದಲ್ಲಿವೆ. ಒಬ್ಬನನ್ನು ಕೆಟ್ಟವನೆಂದು ತೀರ್ಮಾನಿಸುವುದು ಸಂಶಯ. ತೀರ್ಮಾನಿಸುವ ಮೊದಲು ಕೇಳಿ ತಿಳಿಯುವುದು ಪರಿಶೀಲನೆ. ಮಗನಿಗೆ ಫೋನ್ ಮಾಡಿದರೆ ಅವನ ಮೇಲೆ ಅಪನಂಬಿಕೆ ತೋರಿದಂತಾಗುವುದಿಲ್ಲ.

ಮನೆಯಲ್ಲಿ ಯಾರಾದರೂ ಮೋಸ ಹೋದರೆ ಅವರನ್ನು ಗದರಿಸಬೇಡಿ. ಬೈಗುಳಕ್ಕೆ ಹೆದರಿ ಅವರು ಬಾಯಿಬಿಡದಿದ್ದರೆ, ಹಣ ಖಾತೆಯಿಂದ ಖಾತೆಗೆ ಸಾಗಿ ಕೈಗೆ ಸಿಗದಾಗುತ್ತದೆ. ತಕ್ಷಣ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿರಿ. ಆ ಇಮೇಲನ್ನು ಅಳಿಸಬೇಡಿ. ದೂರು ಕೊಡುವಾಗ ಅದೇ ಪುರಾವೆ.