ಪ್ರೋಗ್ರಾಮಿಗೂ ಒಂದು ರೋಜ್‌ನಾಮಚಾ

ನಡೆದ ವ್ಯವಹಾರವನ್ನು ದಿನಾಂಕ ಹಾಕಿ, ನಡೆದ ಕ್ರಮದಲ್ಲೇ ಬರೆಯುವ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ರೋಜ್‌ನಾಮಚಾ ಅನ್ನುತ್ತಾರೆ. ತರಗತಿಯಲ್ಲಿ ಅದು ಜರ್ನಲ್. ಪ್ರೋಗ್ರಾಂ ತಾನು ಮಾಡಿದ್ದನ್ನು ಹೀಗೆಯೇ ಬರೆದಿಟ್ಟರೆ ಅದು ಲಾಗ್. ಬರೆಯುವ ಕೆಲಸವನ್ನು ಮಾಡಿಕೊಡುವ ಸಿದ್ಧ ಕೋಡ್‌ಗೆ ಲಾಗಿಂಗ್ ಲೈಬ್ರರಿ ಎನ್ನುತ್ತಾರೆ.

ನಮ್ಮ ಗುಂಪು ಬುಕ್ ಬ್ಯಾಂಕ್‌ಗಾಗಿ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದೆ. ಎಲ್ಲ ಕಡೆ ಪ್ರಿಂಟ್ ಹಾಕಿದರೆ ಸಾಲದೇ ಎಂದು ಗೆಳೆಯರು ಕೇಳಿದರು. ಸಾಲದು. ಪ್ರಿಂಟ್ ಮಾಡಿದ ಸಾಲಿಗೆ ತಾನಾಗಿ ಸಮಯ ಬೀಳುವುದಿಲ್ಲ, ಕಿಟಕಿ ಮುಚ್ಚಿದರೆ ಅದೂ ಹೋಯಿತು. ಮಾಮೂಲಿ ಮಾತು ಯಾವುದು, ಅಪಾಯದ ಮಾತು ಯಾವುದು ಎಂದು ಬೇರ್ಪಡಿಸಲೂ ಆಗುವುದಿಲ್ಲ.

ಉಳಿದದ್ದು ಎರಡು ಆಯ್ಕೆ. ಒಂದು, ಪೈಥಾನ್ ಜೊತೆಗೇ ಬರುವ ಲಾಗಿಂಗ್. 2003ರ 2.3ನೇ ಆವೃತ್ತಿಯಿಂದ ಅದು ಇದೆ. ಡೀಬಗ್, ಇನ್ಫೋ, ವಾರ್ನಿಂಗ್, ಎರರ್, ಕ್ರಿಟಿಕಲ್ ಎಂದು ಐದು ಮಟ್ಟಗಳು. ನಾವು ಹೇಳದಿದ್ದರೆ ವಾರ್ನಿಂಗ್ ಮತ್ತು ಅದಕ್ಕಿಂತ ಮೇಲಿನದನ್ನು ಮಾತ್ರ ತೋರಿಸುತ್ತದೆ. ಹಾಗಾಗಿ ಇನ್ಫೋ ಬರೆದು, ಏನೂ ಬರಲಿಲ್ಲವೆಂದು ಗಾಬರಿಯಾಗಬೇಡಿ. ಇನ್ನೊಂದು ಲೊಗುರು. ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಆದರೆ ಬಳಸುವುದು ಬಹಳ ಸುಲಭ. ಬಣ್ಣವೂ ಬರುತ್ತದೆ. ನನಗಂತೂ ಮೊದಲು ಅದೇ ಹಿಡಿಸಿತ್ತು.

ಆದರೆ ಲೊಗುರುವಿನಲ್ಲಿ ಡಯಾಗ್ನೋಸ್ ಎಂಬ ಸೌಲಭ್ಯ ಮೊದಲೇ ಆನ್ ಆಗಿರುತ್ತದೆ. ದೋಷ ಹಿಡಿದು ಬರೆಯುವಾಗ ಆ ಕ್ಷಣದಲ್ಲಿ ವೇರಿಯಬಲ್‌ಗಳಲ್ಲಿ ಇದ್ದ ಬೆಲೆಗಳನ್ನೂ ಬರೆದುಬಿಡುತ್ತದೆ. ದೋಷ ಹುಡುಕಲು ಒಳ್ಳೆಯದೇ. ಆದರೆ ನಮ್ಮ ವೇರಿಯಬಲ್‌ನಲ್ಲಿ ಇರುವುದೇನು? ಠೇವಣಿ ಕಟ್ಟಲಾಗದೆ ವಿನಾಯಿತಿ ಪಡೆದವರ ಹೆಸರು. ಲ್ಯಾಬ್‌ನ ಕಂಪ್ಯೂಟರ್‌ಗೆ ದಿನಕ್ಕೆ ಎಷ್ಟು ಜನ ಕೂರುತ್ತಾರೆ! ಅದನ್ನು ಆಫ್ ಮಾಡಬಹುದು, ನಿಜ. ಆದರೆ ಮುಂದಿನ ವರ್ಷ ಈ ಕೋಡ್ ಮುಟ್ಟುವವರಿಗೆ ಅದು ನೆನಪಿರಬೇಕಲ್ಲ.

ಹೊರಗಿನ ಲೈಬ್ರರಿ ಸೇರಿಸಿದರೆ ಅದನ್ನು ನೋಡಿಕೊಳ್ಳುವ ಹೊಣೆಯೂ ನಮ್ಮದೇ. 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್‌4ಜೆ ಲೈಬ್ರರಿಯಲ್ಲಿ ಸಿಕ್ಕ ದೋಷ ಇದಕ್ಕೆ ಸಾಕ್ಷಿ. ಲಾಗ್‌ಗೆ ಹೋಗುವ ಪಠ್ಯದಲ್ಲಿ ಒಂದು ವಿಶೇಷ ಸಾಲು ಸೇರಿಸಿದರೆ ಸಾಕಿತ್ತು, ದೂರದಲ್ಲಿದ್ದವರು ಆ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಿತ್ತು. ಅದರ ತೀವ್ರತೆಗೆ ಬಿದ್ದ ಅಂಕ ಹತ್ತಕ್ಕೆ ಹತ್ತು. ಲೈಬ್ರರಿ ಸರಿಮಾಡಿದ ಮೇಲೂ ಪ್ರತಿಯೊಬ್ಬರೂ ತಮ್ಮ ತಮ್ಮ ಪ್ರೋಗ್ರಾಂನಲ್ಲಿ ಹೊಸ ಆವೃತ್ತಿ ಹಾಕಿಕೊಳ್ಳಬೇಕಾಯಿತು.

ಹೀಗಾಗಿ ಪೈಥಾನ್‌ನದೇ ಲಾಗಿಂಗ್ ಆರಿಸಿದೆವು. ಪುಸ್ತಕಗಳ ಹೆಸರು ಕನ್ನಡ, ಉರ್ದುವಿನಲ್ಲೂ ಇರುವುದರಿಂದ ಫೈಲ್‌ಗೆ ಯುಟಿಎಫ್-8 ಎಂದು ಹೇಳಲೇಬೇಕು. ಫೈಲ್ ಬೆಳೆಯುತ್ತಾ ಹೋಗದಂತೆ ರೊಟೇಟಿಂಗ್ ಫೈಲ್ ಹ್ಯಾಂಡ್ಲರ್ ಇದೆ. ಗಾತ್ರ ಮೀರಿದಾಗ ಹೊಸ ಫೈಲ್ ತೆರೆದು, ನಾವು ಹೇಳಿದಷ್ಟು ಹಳೆಯವನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತದೆ.

ಅಳಿಸುತ್ತದೆ ಎಂಬ ಮಾತು ವಾಣಿಜ್ಯದವರ ಕಿವಿಗೆ ಬೀಳಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯೂ ದಾಖಲಾಗಬೇಕು, ಆ ದಾಖಲೆಯನ್ನು ನಿಲ್ಲಿಸಲು ಬರಬಾರದು ಎಂಬ ನಿಯಮವಿದೆ. ನಮ್ಮದು ಕಂಪನಿಯಲ್ಲ. ಆದರೂ ಠೇವಣಿಯ ಲೆಕ್ಕ ಡೇಟಾಬೇಸ್‌ನಲ್ಲೇ ಇರುತ್ತದೆ. ಲಾಗ್‌ಗೆ ಹೋಗುವುದು ಸಮಯ, ಪುಸ್ತಕದ ವಿವರ, ಕೆಲಸ ಆಯಿತೋ ಇಲ್ಲವೋ ಎಂಬುದು ಮಾತ್ರ. ವಿದ್ಯಾರ್ಥಿಯ ಹೆಸರು ಹೋಗುವುದಿಲ್ಲ.